ಒಂಬತ್ತು ಜಿಬಿಯ ಕಡಲು

ಗೌತಮಿ ಮದುವೆಯಾಗಿ ನಾರಾಯಣಖೇಡಕ್ಕೆ ಹೋದ ಮೇಲೆ ತಾಂಡೂರಿನ ಮನೆಯಲ್ಲಿ ಅವಳ ತಂಗಿ ಮಂದಾರಳಿಗೆ ಯಾವುದೂ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಇಡೀ ಮಂಚ ಅವಳದಾಯಿತು, ಕಪಾಟಿನ ಎರಡೂ ಖಾನೆ ಅವಳವಾದವು, ಬೆಳಿಗ್ಗೆ ಬಚ್ಚಲಿಗೆ ಸರದಿ ಕಾಯುವುದು ತಪ್ಪಿತು. ಆ ಹೆಚ್ಚಾದ ಜಾಗವನ್ನು ಏನು ಮಾಡಬೇಕೆಂದು ಮಾತ್ರ ಅವಳಿಗೆ ತಿಳಿಯಲಿಲ್ಲ. ಮೊದಲಿನ ಹಾಗೆಯೇ ಗೋಡೆಗೆ ಅಂಟಿಕೊಂಡು ಮಲಗುತ್ತಿದ್ದಳು.

ಅಕ್ಕತಂಗಿಯರ ನಡುವೆ ಎರಡೇ ವರ್ಷದ ಅಂತರ. ಇಬ್ಬರೂ ಹೆಚ್ಚು ಮಾತಿನವರಲ್ಲ. ಒಂದೇ ಕೋಣೆಯಲ್ಲಿ ಬೆಳೆದವರಿಗೆ ಮಾತಿನ ಅಗತ್ಯವೂ ಅಷ್ಟಾಗಿ ಬಿದ್ದಿರಲಿಲ್ಲ. ಹಾಗಾಗಿ ಮದುವೆಯಾದ ಮೇಲೆ ಭಾನುವಾರ ಫೋನು ಮಾಡಿದರೆ, "ಊಟ ಆತೇನು?", "ಆತು, ನಿಂದು?" ಎನ್ನುವಷ್ಟರಲ್ಲಿ ಮುಂದೇನು ಎಂದು ಇಬ್ಬರೂ ತಡವರಿಸುತ್ತಿದ್ದರು. ಅತ್ತ ಕುಕ್ಕರು ಕೂಗುತ್ತಿತ್ತು. ಇತ್ತ ಮಂದಾರ, "ಇಡ್ಲಾ ಹಂಗಾರ?" ಎಂದು ಕೇಳಿ ಇಟ್ಟುಬಿಡುತ್ತಿದ್ದಳು. ಇಟ್ಟ ಮೇಲೆ ಇನ್ನೂ ಏನೋ ಹೇಳುವುದಿತ್ತು ಅನ್ನಿಸುತ್ತಿತ್ತು. ಅದನ್ನು ಫೋನಿನಲ್ಲಿ ಹೇಳುವುದು ಹೇಗೆ?

ಅವರಿಬ್ಬರ ಮಾತೆಲ್ಲ ಒಂದು ಕಾಲದಲ್ಲಿ ಒಂದು ಆಟದೊಳಗೆ ನಡೆಯುತ್ತಿತ್ತು. ಅಪ್ಪ ಶರಣಪ್ಪ ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ಗುಮಾಸ್ತ. ಹುಡುಗಿಯರು ಶಾಲೆಯಲ್ಲಿದ್ದಾಗ ಪರಿಚಯದವರ ಹತ್ತಿರ ಒಂದು ಹಳೆಯ ಕಂಪ್ಯೂಟರು ತಂದಿದ್ದ. ಅದನ್ನು ಸರಿಮಾಡಲು ಬಂದ ಮೆಕ್ಯಾನಿಕ್ ನರಸಿಂಹುಲು ಪೆಟ್ಟಿಗೆ ಬಿಚ್ಚಿ ನೋಡಿ, "ಇದಕ್ಕ ವಿಂಡೋಸ್ ಹಾಕಿದ್ರ ಮುದಿ ಎತ್ತಿಗಿ ಕಬ್ಬಿನ ಗಾಡಿ ಕಟ್ಟಿದಂಗ ಆಗ್ತದ್ರಿ. ಲಿನಕ್ಸ್ ಹಾಕಿ ಕೊಡ್ತೀನಿ, ಹಗುರ ಅದ," ಎಂದು ಅದನ್ನೇ ಹಾಕಿದ. ಅದರ ಜೊತೆಗೆ ಬಂದಿದ್ದ ನಾಲ್ಕಾರು ಪುಟ್ಟ ಆಟಗಳಲ್ಲಿ ಒಂದು ದೋಣಿ ಆಟ. ಒಂದೇ ಕೀಬೋರ್ಡಿನಲ್ಲಿ ಇಬ್ಬರು ಆಡಬೇಕು. ಒಬ್ಬರಿಗೆ ಎಡಗಡೆಯ ಹುಟ್ಟು, ಇನ್ನೊಬ್ಬರಿಗೆ ಬಲಗಡೆಯದು. ಇಬ್ಬರೂ ಸಮನಾಗಿ ಹಾಕಿದರೆ ದೋಣಿ ನೆಟ್ಟಗೆ ಹೋಗುತ್ತದೆ. ಒಬ್ಬರು ಅವಸರ ಮಾಡಿದರೆ ಬುಗುರಿಯಂತೆ ಗಿರಗಿರ ತಿರುಗುತ್ತದೆ. ಗೌತಮಿ ಎಡ, ಮಂದಾರ ಬಲ. ಬೇಸಿಗೆ ರಜೆಯಲ್ಲಿ, ಹೊರಗೆ ಶಹಾಬಾದ್ ಕಲ್ಲಿನ ಅಂಗಳ ಕಾದ ಹೆಂಚಾಗಿರುವಾಗ, ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತು ದಿನವಿಡೀ ಹುಟ್ಟು ಹಾಕುತ್ತಿದ್ದರು. ಕಾಗಿಣೆ ಹೊಳೆಯನ್ನು ಬಿಟ್ಟರೆ ಇಬ್ಬರೂ ಬೇರೆ ನೀರು ಕಂಡವರಲ್ಲ.

ದಸರೆಯ ರಜೆಯ ಒಂದು ಮಧ್ಯಾಹ್ನ ಮಂದಾರಳ ಕಣ್ಣಿಗೆ ಆ ಆಟದ ಹೊಸ ರೂಪ ಬಿತ್ತು. ಅದನ್ನು ಮಾಡಿದವರೇ ಹತ್ತು ವರ್ಷ ಕೂತು ದೊಡ್ಡದಾಗಿ ಮಾಡಿದ್ದರು. ಈಗ ಅದರಲ್ಲಿ ಕಡಲಿತ್ತು, ದ್ವೀಪಗಳಿದ್ದವು, ಗಾಳಿ ಮಳೆ ಇದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ಇಬ್ಬರು ಬೇರೆ ಬೇರೆ ಊರಿನಲ್ಲಿ ಕೂತು ಒಂದೇ ದೋಣಿ ನಡೆಸಬಹುದಿತ್ತು. ಒಬ್ಬರು ಕೊಂಡರೆ ಸಾಕು, ಇನ್ನೊಬ್ಬರನ್ನು ಅತಿಥಿಯಾಗಿ ಕರೆಯಬಹುದು. ಆದರೆ ಆಟ ಇಬ್ಬರ ಕಂಪ್ಯೂಟರಿನಲ್ಲೂ ಇರಬೇಕು. ಈಗ ಇಬ್ಬರ ಹತ್ತಿರವೂ ಒಂದೊಂದು ಲ್ಯಾಪ್‌ಟಾಪು ಇತ್ತು, ಎರಡಕ್ಕೂ ನರಸಿಂಹುಲು ಲಿನಕ್ಸನ್ನೇ ಹಾಕಿಕೊಟ್ಟಿದ್ದ. ಲಿನಕ್ಸಿನಲ್ಲಿ ನಡೆಯುತ್ತದೆ ಎಂದು ಬರೆದಿತ್ತು. ಅದರ ಕೆಳಗೆ ಇನ್ನೊಂದು ಸಾಲು: ಒಂಬತ್ತು ಜಿಬಿ.

ಮಂದಾರಳ ಫೋನಿಗೆ ದಿನಕ್ಕೆ ಒಂದೂವರೆ ಜಿಬಿ. ಅವರ ಓಣಿಗೆ ವೈಫೈ ತಂತಿ ಬಂದಿರಲಿಲ್ಲ. ಅವಳು ಕೆಲಸ ಮಾಡುವುದು ಊರಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ರೋಗಿಗಳಿಗೆ ರಿಪೋರ್ಟುಗಳನ್ನು ಕಳಿಸುವುದು ಅವಳ ಫೋನಿನಿಂದಲೇ. ಅದಕ್ಕೆಂದು ತೆಗೆದಿಟ್ಟರೆ ಉಳಿಯುವುದು ಒಂದು ಜಿಬಿ. ಅಕ್ಕನ ಸ್ಥಿತಿ ಇನ್ನೂ ಇಕ್ಕಟ್ಟಿನದು: ಅವಳ ಫೋನಿನಲ್ಲೇ ಅತ್ತೆ ಲಚ್ಚಮ್ಮ ಮಧ್ಯಾಹ್ನದ ಧಾರಾವಾಹಿ ನೋಡುತ್ತಿದ್ದಳು. ಆದ್ದರಿಂದ ಆಟವನ್ನು ತಾನೇ ಕೊಂಡು ಇಳಿಸಿ, ಪೆನ್‌ಡ್ರೈವಿನಲ್ಲಿ ತುಂಬಿ ಕಳಿಸುವುದೆಂದು ಮಂದಾರ ನಿರ್ಧರಿಸಿದಳು. ಗೌತಮಿಗೆ ಫೋನು ಮಾಡಿ ಹೇಳಿದಳು.

"ಆ ದೋಣಿ ಆಟಾ?" ಎಂದಳು ಅಕ್ಕ. "ಎಡಗಡೆದು ನಂದೇ ಮತ್ತ."

ಮರುದಿನದಿಂದ ಮಂದಾರ ನಸುಕಿನಲ್ಲಿ ಏಳತೊಡಗಿದಳು. ಐದೂವರೆಗೆ ಮಾಳಿಗೆಯ ಮೇಲೆ, ನೀರಿನ ಟಾಕಿಯ ಪಕ್ಕದಲ್ಲಿ ಸಿಗ್ನಲ್ಲು ಚೆನ್ನಾಗಿ ಸಿಗುತ್ತಿತ್ತು. ಫೋನನ್ನು ಟಾಕಿಯ ಮೇಲಿಟ್ಟು ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್ ಹಚ್ಚಿ, ಒಂದು ಜಿಬಿ ಇಳಿಯುವ ತನಕ ಕಾವಲು ಕೂತು ನಿಲ್ಲಿಸುತ್ತಿದ್ದಳು. ಮರುದಿನ ನಿಂತಲ್ಲಿಂದ ಮುಂದಕ್ಕೆ. ನಾಲ್ಕನೆಯ ದಿನ ಹಲ್ಲುಜ್ಜಲು ಕೆಳಗೆ ಹೋಗಿ ಬರುವಷ್ಟರಲ್ಲಿ ಲಿನಕ್ಸು ತನ್ನದೇ ಅಪ್‌ಡೇಟುಗಳನ್ನು ಎಳೆದುಕೊಂಡು ಎಂಟುನೂರು ಎಂಬಿ ನುಂಗಿ ಕೂತಿತ್ತು. ಆಟಕ್ಕೆ ಒಂದು ತುತ್ತಿಗಿಂತ ಹೆಚ್ಚು ಉಳಿಯಲಿಲ್ಲ. ಅಂದು ಅವಳಿಗೆ ಅಳುವೇ ಬಂತು. ಆಮೇಲೆ ನರಸಿಂಹುಲುವಿನ ಅಂಗಡಿಗೆ ಹೋಗಿ ಕೇಳಿದಾಗ, ಈ ಸಂಪರ್ಕಕ್ಕೆ ಮಿತಿ ಇದೆ ಎಂದು ಕಂಪ್ಯೂಟರಿಗೆ ಮೊದಲೇ ಹೇಳಿಬಿಟ್ಟರೆ ಅದು ಕೇಳದೆ ಏನನ್ನೂ ಎಳೆಯುವುದಿಲ್ಲವೆಂದು ಅವನು ತೋರಿಸಿಕೊಟ್ಟ.

ವಾಕಿಂಗಿಗೆ ಹೊರಟ ಶರಣಪ್ಪ ಕೆಳಗಿನಿಂದ ಕತ್ತೆತ್ತಿ, "ಏನವ್ವ, ದಿನಾ ಟಾಕಿ ಬಾಜು ಕೂತು ತಪಸ್ಸು ಮಾಡ್ಲತ್ತಿ?" ಎಂದು ಕೇಳಿದ.

"ಅಕ್ಕಗ ಒಂದು ಸಾಮಾನು ಕಳಸೋದದ, ಅಪ್ಪಾ," ಎಂದಳು ಮಂದಾರ.

ಅವ್ವ ನರ್ಮದಾ ಅದನ್ನು ಕೇಳಿಸಿಕೊಂಡು ಏನು ಸಾಮಾನು ಎಂದು ಕೇಳಲಿಲ್ಲ. ಆ ದಿನಗಳಲ್ಲಿ ಮಂದಾರ ರೀಲು ನೋಡುವುದು ಬಿಟ್ಟಳು, ಹಾಡು ಕೇಳುವುದು ಬಿಟ್ಟಳು. ಲ್ಯಾಬಿನಲ್ಲಿ ಬಿಡುವಾದಾಗ ಸುಮ್ಮನೆ ಕಿಟಕಿಯಾಚೆ ಕಲ್ಲಿನ ಲಾರಿಗಳನ್ನು ನೋಡುತ್ತ ಕೂರುತ್ತಿದ್ದಳು. ಸಿಗ್ನಲ್ಲು ಕೈಕೊಟ್ಟ ದಿನಗಳೂ ಸೇರಿ ಹದಿನಾಲ್ಕನೆಯ ದಿನ ಬೆಳಿಗ್ಗೆ ಆಟ ಪೂರ್ತಿ ಇಳಿಯಿತು. ತೆರೆದು ನೋಡಿದರೆ ಪರದೆಯ ತುಂಬ ನೀರು. ಒಬ್ಬಳೇ ಹತ್ತಿದಾಗ ಇನ್ನೊಂದು ಹುಟ್ಟನ್ನು ಕಂಪ್ಯೂಟರೇ ಹಾಕಿತು. ಅದು ಒಂದು ಸಲವೂ ತಪ್ಪಲಿಲ್ಲ. ದೋಣಿ ಗೆರೆ ಕೊರೆದ ಹಾಗೆ ನೆಟ್ಟಗೆ ಹೋಯಿತು. ಎರಡು ನಿಮಿಷದಲ್ಲಿ ಮಂದಾರ ಅದನ್ನು ಮುಚ್ಚಿದಳು.

ಪೆನ್‌ಡ್ರೈವಿಗೆ ತುಂಬುವಾಗ ಮತ್ತೊಂದು ತೊಡಕು. ಅವಳ ಹತ್ತಿರವಿದ್ದ ಬಗೆಯ ಪೆನ್‌ಡ್ರೈವು ನಾಲ್ಕು ಜಿಬಿಗಿಂತ ದೊಡ್ಡ ಕಡತವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ. ಮಂದಾರ ಆಟವನ್ನೆಲ್ಲ ಒಂದು ಗಂಟು ಕಟ್ಟಿ, ಆ ಗಂಟನ್ನು ಮೂರು ತುಂಡು ಮಾಡಿ ಹಾಕಿದಳು. ಅಕ್ಕ ಅಲ್ಲಿ ಮೂರನ್ನೂ ಕೂಡಿಸಿ ಬಿಚ್ಚಬೇಕು. ಅದನ್ನು ಫೋನಿನಲ್ಲಿ ಹೇಳಿಕೊಟ್ಟರಾಯಿತು.

ದೀಪಾವಳಿ ಕಳೆದ ವಾರ ಲಚ್ಚಮ್ಮನ ಕಣ್ಣು ತೋರಿಸಲು ಗೌತಮಿ ಜಹೀರಾಬಾದಿಗೆ ಬರುವುದಿತ್ತು. ಮಂದಾರ ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ ತಾಂಡೂರಿನಿಂದ ಬಸ್ಸು ಹಿಡಿದಳು. ಕಣ್ಣಿನ ದವಾಖಾನೆಯ ಎದುರಿಗೆ ಕಬ್ಬಿನ ಹಾಲಿನ ಗಾಡಿಯ ಹತ್ತಿರ ಅಕ್ಕ ನಿಂತಿದ್ದಳು. ಕೈತುಂಬ ಹಸಿರು ಬಳೆ. ತುಸು ಸೊರಗಿದ್ದಳು, ಅಥವಾ ಸೀರೆಯಲ್ಲಿ ಹಾಗೆ ಕಾಣುತ್ತಿದ್ದಳು. ಆರು ತಿಂಗಳ ಮೇಲೆ ಕಂಡ ಅಕ್ಕನನ್ನು ಏನು ಕೇಳಬೇಕೆಂದು ತೋಚದೆ ಮಂದಾರ ಪೆನ್‌ಡ್ರೈವು ತೆಗೆದು ಕೈಯಲ್ಲಿಟ್ಟು, ಮೂರು ತುಂಡಿನ ಕಥೆ ಸುರುಮಾಡಿದಳು. ಇಪ್ಪತ್ತು ನಿಮಿಷ ಅದನ್ನೇ ಹೇಳಿದಳು. ಗೌತಮಿ ಗ್ಲಾಸು ಹಿಡಿದುಕೊಂಡು ತಂಗಿಯ ಮುಖವನ್ನೇ ನೋಡುತ್ತ ಹ್ಞೂಂ ಹ್ಞೂಂ ಎನ್ನುತ್ತಿದ್ದಳು.

"ಹದಿನಾಲ್ಕು ದಿನ ನಸುಕಿನ್ಯಾಗ ಎದ್ದೀ?" ಎಂದಳು.

"ಮತ್ತೇನ್ ಮಾಡ್ಬೇಕು? ಹಗಲೊತ್ತು ಸಿಗ್ನಲ್ಲೇ ಇರಂಗಿಲ್ಲ."

"ಮಂದಾ, ಒಂದು ಮಾತು..." ಎಂದು ಗೌತಮಿ ಸುರುಮಾಡುವಷ್ಟರಲ್ಲಿ ಒಳಗಿನಿಂದ ಲಚ್ಚಮ್ಮನ ಹೆಸರು ಕೂಗಿದರು. ಗೌತಮಿ ಪೆನ್‌ಡ್ರೈವನ್ನು ಪರ್ಸಿನೊಳಗೆ ಹಾಕಿಕೊಂಡು, "ಸಂಜಿಗಿ ಫೋನ್ ಮಾಡು. ಆರೂವರಿಗಿ. ಮಾಳಗಿ ಮ್ಯಾಲ ಇರ್ತೀನಿ," ಎಂದು ಒಳಗೆ ಹೋದಳು.

ಅಂದಿನಿಂದ ದಿನಾ ಸಂಜೆ ಆರೂವರೆಗೆ ಫೋನು. ಮಂದಾರ ತನ್ನ ಲ್ಯಾಪ್‌ಟಾಪನ್ನು ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ ಹೇಳುವಳು, ಅಕ್ಕ ಅತ್ತಲಿಂದ ತಿರುಗಿ ಹೇಳುವಳು.

"ಸಿ, ಎ, ಟಿ. ಕ್ಯಾಟ್."

"ಕ್ಯಾಟ್ ಅಂದ್ರ ಬೆಕ್ಕಲ್ಲ?"

"ಇಲ್ಲಿ ಬೆಕ್ಕಲ್ಲ. ತುಂಡು ಕೂಡಿಸೋದು. ಆಮ್ಯಾಲ ಒಂದು ಜಾಗಾ ಬಿಡು."

"ಬಿಟ್ಟೆ... ಎಂಟರ್ ಹೊಡದೆ. ಏನೂ ಬರವಲ್ದು."

"ಏನೂ ಬರಲಿಲ್ಲಂದ್ರ ಬರೋಬ್ಬರಿ ಆಗ್ಯಾದಂತ ತಿಳಿ. ಲಿನಕ್ಸ್ ಹಂಗೇ, ತಪ್ಪಾದ್ರಷ್ಟೇ ಮಾತಾಡ್ತದ."

"ನಮ್ಮ ಅಪ್ಪನಂಗ," ಎಂದಳು ಗೌತಮಿ. ಇಬ್ಬರೂ ನಕ್ಕರು.

ದಿನಕ್ಕೊಂದು ಹೆಜ್ಜೆಗಿಂತ ಹೆಚ್ಚು ಮುಂದೆ ಹೋಗುತ್ತಿರಲಿಲ್ಲ. ಒಂದು ಸಂಜೆ ಡಿಸ್ಕ್ ತುಂಬಿದೆ ಎಂದು ಬಂತೆಂದಳು. ಇನ್ನೊಂದು ಸಂಜೆ ಅನುಮತಿ ಇಲ್ಲವೆಂದು ಬಂತಂತೆ. ಮಂದಾರ ಮರುದಿನ ಲ್ಯಾಬಿನಲ್ಲಿ ಅಂತರ್ಜಾಲದ ಫೋರಮ್ಮುಗಳನ್ನೆಲ್ಲ ಜಾಲಾಡಿ ಪರಿಹಾರ ಹುಡುಕಿ ತರುತ್ತಿದ್ದಳು. ನಡುನಡುವೆ ಬೇರೆ ಮಾತೂ ಬರತೊಡಗಿತು. ಕಡತ ಬಿಚ್ಚಿಕೊಳ್ಳಲು ಹತ್ತು ನಿಮಿಷ ಬೇಕಲ್ಲ, ಆ ಹತ್ತು ನಿಮಿಷದಲ್ಲಿ ಗೌತಮಿ ನಾರಾಯಣಖೇಡದ ಮನೆಯ ಮಾಳಿಗೆಯಿಂದ ಏನೇನು ಕಾಣುತ್ತದೆ ಎಂದು ಹೇಳುತ್ತಿದ್ದಳು: ಕಂಗ್ಟಿ ಕಡೆ ಹೋಗುವ ಕಡೆಯ ಬಸ್ಸು, ಎದುರು ಮಾಳಿಗೆಯಲ್ಲಿ ಒಣಹಾಕಿದ ಮೆಣಸಿನಕಾಯಿ, ಕುರಿ ಹೊಡೆದುಕೊಂಡು ಬರುವ ಪೀರಪ್ಪ ಎಂಬ ಮುದುಕ. ಅವನು ದಿನಾ ಒಂದು ಕುಂಟು ಕುರಿಯನ್ನು ಹೆಗಲ ಮೇಲೆ ಹೊತ್ತು ತರುತ್ತಾನಂತೆ. ಮಂದಾರ ಅಂದು ರಕ್ತ ತೆಗೆಯುವಾಗ ತಲೆಸುತ್ತಿ ಬಿದ್ದ ಪೈಲ್ವಾನನ ಕಥೆ ಹೇಳುತ್ತಿದ್ದಳು. ಆಟ ಸುರುವಾದ ಮೇಲೆ ಹೀಗೇ ಮಾತಾಡುತ್ತ ಹುಟ್ಟು ಹಾಕಬಹುದು ಎಂದು ಅವಳ ಮನಸ್ಸು ಮುಂದಕ್ಕೆ ಓಡುತ್ತಿತ್ತು. ಆಟ ಮಾಡಿದವರು ಎರಡು ಸಲ ಅಪ್‌ಡೇಟು ಬಿಟ್ಟರು. ಎರಡು ಸಲವೂ ಅವಳು ಬೇಡವೆಂದಳು. ಇಬ್ಬರದೂ ಒಂದೇ ಆವೃತ್ತಿ ಇಲ್ಲದಿದ್ದರೆ ಒಂದೇ ದೋಣಿ ಹತ್ತಲು ಬರುವುದಿಲ್ಲ.

ಸಂಕ್ರಾಂತಿ ಬಂತು, ಹೋಯಿತು. ಆಟ ಮಾತ್ರ ಅಕ್ಕನ ಲ್ಯಾಪ್‌ಟಾಪಿನಲ್ಲಿ ತೆರೆಯಲಿಲ್ಲ. ಒಂದು ಸಂಜೆ ಗೌತಮಿ, "ಮೂರನೇ ತುಂಡು ಕಾಣವಲ್ದು, ಮಂದಾ," ಎಂದಳು.

ಮಂದಾರ ದಂಗಾದಳು. "ಕೂಡಿಸಿ ತಿಂಗಳಾತಲ್ಲ, ಅಕ್ಕಾ. ಈಗ ತುಂಡು ಯಾಕ ಬೇಕು?"

ಅತ್ತ ಹಾಳೆ ಮಗುಚುವ ಸದ್ದಾಯಿತು. "ಹಂಗಾರ ಏನೋ ನಾ ತಪ್ಪು ನೋಡ್ಲತ್ತೀನಿ," ಎಂದಳು ಗೌತಮಿ.

ಪೆನ್‌ಡ್ರೈವೇ ಕೆಟ್ಟಿದೆ ಎಂದು ಮಂದಾರ ಭಾವಿಸಿದಳು. ಅಕ್ಕನಿಗೆ ಹೇಳಿದರೆ ಯಾಕೆ ಅಷ್ಟು ದೂರ ಅನ್ನುತ್ತಾಳೆಂದು ಹೇಳದೆಯೇ ಭಾನುವಾರ ತನ್ನ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ನರ್ಮದಾ ಶೇಂಗಾ ಹೋಳಿಗೆ ಕಟ್ಟಿ ಕೊಟ್ಟಳು. ಜಹೀರಾಬಾದಿನಲ್ಲಿ ಬಸ್ಸು ಬದಲಿಸಿ ನಾರಾಯಣಖೇಡ ಮುಟ್ಟುವಷ್ಟರಲ್ಲಿ ಹನ್ನೊಂದು ಗಂಟೆ. ಗೌತಮಿ ಮನೆಯಲ್ಲಿರಲಿಲ್ಲ, ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಲಚ್ಚಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದವಳು ಎದ್ದು ಬಂದು ನೀರು ಕೊಟ್ಟು, ಹೋಳಿಗೆಯ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು ಇಸಿದುಕೊಂಡಳು.

"ಕಣ್ಣು ಹೆಂಗವರಿ, ಅತ್ತಿ?" ಎಂದು ಮಂದಾರ ಕೇಳಿದಳು.

"ಆಪರೇಷನ್ ಆದ ಮ್ಯಾಲ ಛಲೋ ಕಾಣ್ತಾವ ನೋಡವ್ವ. ಏನು, ಚೀಲಾ ಭಾರ ಕಾಣ್ತದ?"

"ಲ್ಯಾಪ್‌ಟಾಪ್ ಅದರಿ. ಅಕ್ಕನ ಲ್ಯಾಪ್‌ಟಾಪಿನ್ಯಾಗ ಏನೋ ಕೆಟ್ಟದಂತ, ಅದಕ ಬಂದೆ."

ಲಚ್ಚಮ್ಮ ಮತ್ತೆ ಹಿಡಿದಿದ್ದ ಮೊರ ಕೆಳಗಿಟ್ಟಳು. "ಅದು ಇಲ್ಲೆಲ್ಲದ? ಅದು ಅಮರನ ಸಾಲ್ಯಾಗ ಅದಲ್ಲ. ದೀಪಾವಳಿಕಿಂತ ಮುಂದೇ ಒಯ್ದಾನ. ಅಲ್ಲಿ ಆಫೀಸಿನ ಕಂಪ್ಯೂಟರ್ ಸುಟ್ಟು ಹೋತಂತ, ಮಕ್ಕಳ ಹೆಸರು, ಮಾರ್ಕು ಎಲ್ಲಾ ಅದರಾಗೇ ಬರೀತಾನ."

ಅಮರನಾಥ ಗೌತಮಿಯ ಗಂಡ. ಊರಿನ ಒಂದು ಖಾಸಗಿ ಶಾಲೆಯಲ್ಲಿ ಆಫೀಸು ನೋಡಿಕೊಳ್ಳುತ್ತಿದ್ದ. ಮಂದಾರ ಕೈಯಲ್ಲಿದ್ದ ನೀರಿನ ಚೊಂಬನ್ನು ಹಾಗೆಯೇ ಹಿಡಿದುಕೊಂಡು ಕೂತಳು. ದೀಪಾವಳಿಗಿಂತ ಮುಂಚೆ ಎಂದರೆ ಜಹೀರಾಬಾದಿನಲ್ಲಿ ಪೆನ್‌ಡ್ರೈವು ಕೊಟ್ಟ ದಿನಕ್ಕಿಂತ ಮುಂಚೆ. ಎರಡು ತಿಂಗಳು ಅಕ್ಕ ಯಾವ ಪರದೆ ನೋಡಿ ಏನೂ ಬರವಲ್ದು ಎನ್ನುತ್ತಿದ್ದಳು?

ಲಚ್ಚಮ್ಮ ತನ್ನ ಪಾಡಿಗೆ ಹೇಳುತ್ತಿದ್ದಳು. "ದಿನಾ ಸಂಜಿಗಿ ಮಾಳಗಿ ಮ್ಯಾಲ ಕೂತು ನಿನ್ನ ಜೋಡಿ ಇಂಗ್ಲೀಷಿನ್ಯಾಗ ಏನೇನೋ ಹೇಳ್ಕೊಂತ ಬರ್ಕೋತಾಳ. ಯಾವ ಪರೀಕ್ಷಾ ಅದವ್ವ, ಸರಕಾರಿ ನೌಕರಿದೇನು? ನಾನೂ ಕೇಳಾಕ ಹೋಗಿಲ್ಲ. ಓದೋರಿಗಿ ಅಡ್ಡಿ ಆಗಬಾರದಂತ ಸಂಜಿ ರೊಟ್ಟಿ ನಾನೇ ಬಡೀತೀನಿ."

ಮಂದಾರ ಚೊಂಬನ್ನು ಕೆಳಗಿಟ್ಟಳು. ಅಷ್ಟರಲ್ಲಿ ಗೌತಮಿ ಹಿಟ್ಟಿನ ಡಬ್ಬಿ ಹೊತ್ತು ಬಾಗಿಲಿಗೆ ಬಂದಳು. ತಂಗಿಯನ್ನು ಕಂಡು ಅವಳ ಮುಖ ಅರಳಿತು. ಮರುಗಳಿಗೆಯೇ ಚೀಲವನ್ನು ನೋಡಿ, ಅತ್ತೆಯನ್ನು ನೋಡಿ, ಎಲ್ಲ ಅರ್ಥವಾದವಳ ಹಾಗೆ ಬಾಡಿತು. "ಮ್ಯಾಲ ಬಾ," ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದಳು.

ಮಾಳಿಗೆಯ ಮೇಲೆ ಮೆಣಸಿನಕಾಯಿಯ ಘಾಟು ಹರಡಿತ್ತು. ಗೌತಮಿ ಮೆಟ್ಟಿಲ ತಲೆಗಿದ್ದ ಪುಟ್ಟ ಕೋಣೆಯಂಥ ಗೂಡಿನೊಳಗಿಂದ ಒಂದು ನೋಟ್‌ಬುಕ್ಕು ತೆಗೆದು ತಂಗಿಯ ಮುಂದಿಟ್ಟಳು. ಪುಟಪುಟದಲ್ಲೂ ಮಂದಾರ ಹೇಳಿಕೊಟ್ಟ ಸಾಲುಗಳು, ಇಂಗ್ಲಿಷ್ ಅಕ್ಷರಗಳಲ್ಲಿ, ಒಂದು ಚುಕ್ಕೆಯೂ ತಪ್ಪಿಲ್ಲದೆ. ಜಾಗ ಬಿಡುವಲ್ಲಿ ಗೌತಮಿ ಒಂದೊಂದು ಚೌಕ ಬರೆದಿದ್ದಳು. ಪಕ್ಕದಲ್ಲಿ ತೆಲುಗು ಲಿಪಿಯಲ್ಲಿ ಟಿಪ್ಪಣಿ. ಮನೆಮಾತು ಕನ್ನಡವಾದರೂ ಇಬ್ಬರೂ ಕಲಿತದ್ದು ತೆಲುಗು ಶಾಲೆಯಲ್ಲಿ. ಅಕ್ಷರ ತೆಲುಗು, ಮಾತು ಕನ್ನಡ: 'ಮಂದಾ ಇವತ್ತು ನಕ್ಕಳು.' 'ಅವ್ವನ ಮೊಣಕಾಲು ನೋವಂತ.' 'ನಾಳಿಗಿ ಅನುಮತಿ ಇಲ್ಲಂತ ಹೇಳಬೇಕು.'

ಮಂದಾರ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಸುಳ್ಳೂ ಬರ್ದಿಟ್ಕೊಂಡು ಹೇಳ್ದಿ?"

"ಹೇಳ್ದೆ."

"ಯಾಕ? ನಾ ಹದಿನಾಲ್ಕು ದಿನ... ಲ್ಯಾಬಿನ್ಯಾಗ ಕೂತು ನಿನಗಂತ ಹುಡಕ್ತಿದ್ದೆ. ಮಾಮಾ ಲ್ಯಾಪ್‌ಟಾಪ್ ಸಾಲಿಗಿ ಒಯ್ದಾನಂತ ಒಂದು ಮಾತು ಹೇಳಿದ್ರ ಆಗ್ತಿದ್ದಿಲ್ಲೇನು?"

"ಆವತ್ತು ಹೇಳಾಕ ಬಂದಿದ್ದೆ. ನಿನ್ನ ಮಾರಿ ನೋಡಿ ಬಾಯಿ ಬರಲಿಲ್ಲ." ಗೌತಮಿ ನೋಟ್‌ಬುಕ್ಕನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. "ಆಮ್ಯಾಲ ಹೇಳಿದ್ರ ನೀ ಫೋನ್ ಮಾಡೋದು ಬಿಡ್ತಿದ್ದಿ."

"ಬಿಡ್ತಿದ್ದಿಲ್ಲ."

"ಬಿಡ್ತಿದ್ದಿ, ಮಂದಾ. ಮದ್ವಿ ಆದ ಮ್ಯಾಲ ಆರು ತಿಂಗಳ ತನಕ ವಾರಕ್ಕೊಮ್ಮಿ ಊಟ ಆತೇನು ಅಂತಿದ್ದಿ, ಇಡ್ಲಾ ಅಂತಿದ್ದಿ. ನನಗ ಇಡಾಕ ಮನಸಿರ್ತಿದ್ದಿಲ್ಲ. ಏನು ಮಾತಾಡಬೇಕಂತ ನನಗೂ ತಿಳೀತಿದ್ದಿಲ್ಲ. ಈ ಆಟದ ನೆವಕ್ಕ ದಿನಾ ಅರ್ಧ ತಾಸು ನಿನ್ನ ಧ್ವನಿ ಕೇಳ್ತಿತ್ತು. ಕೆಳಗ ಯಾರೂ ಕರೀತಿದ್ದಿಲ್ಲ. ಈ ಮನ್ಯಾಗ ನನ್ನದಂತ ಅದೊಂದು ಅರ್ಧ ತಾಸು."

ಮಂದಾರ ಸಿಟ್ಟು ಮಾಡಬೇಕೆಂದಿದ್ದಳು. ಆದರೆ ಅಕ್ಕ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಾನೂ ಅಕ್ಕನನ್ನೇ ಹಂಬಲಿಸಿದ್ದೆ, ಹಂಬಲವನ್ನು ಹೇಳಲಾರದೆ ಒಂಬತ್ತು ಜಿಬಿ ಇಳಿಸಿದೆ ಎಂದು ಅವಳಿಗೆ ಆಗ ಹೊಳೆಯಿತು. ಹೊಳೆದದ್ದನ್ನು ಹೇಳುವ ಬದಲು ಚೀಲದ ಝಿಪ್ಪು ಎಳೆದು ಲ್ಯಾಪ್‌ಟಾಪು ತೆಗೆದಳು.

"ಇದರಾಗ ಅದ. ಆಡ್ತಿಯೇನು?"

ನೆರಳು ಹುಡುಕಿ ಗೂಡಿನ ಗೋಡೆಗೆ ಒರಗಿ ಇಬ್ಬರೂ ಕೂತರು. ಒಂದೇ ಕೀಬೋರ್ಡಿನ ಮೇಲೆ ನಾಲ್ಕು ಕೈ. ಕಡಲು ತೆರೆದುಕೊಂಡಾಗ ಗೌತಮಿ ಪರದೆಗೆ ಇನ್ನಷ್ಟು ಹತ್ತಿರ ಸರಿದಳು. ಮೊದಲ ಹತ್ತು ನಿಮಿಷ ದೋಣಿ ಗಿರಗಿರ ತಿರುಗಿತು. ಗೌತಮಿಯ ಬಳೆಗಳು ಕೀಲಿಗಳಿಗೆ ತಾಗಿ ಬೇರೇನೇನೋ ಒತ್ತಿಹೋಗುತ್ತಿದ್ದವು. ಅವಳು ಬಳೆಗಳನ್ನು ಮೊಣಕೈಗೆ ಏರಿಸಿದಳು. ನಿಧಾನಕ್ಕೆ ಕೈಗೆ ಲಯ ಬಂತು. ಯಾರೂ ಎಣಿಸಲಿಲ್ಲ, ಯಾರೂ ನೀ ಹಾಕು ನಾ ಹಾಕು ಎನ್ನಲಿಲ್ಲ. ದೋಣಿ ಒಂದು ದ್ವೀಪವನ್ನು ಬಳಸಿ ಆಚೆಯ ನೀಲಿಗೆ ಹೋಯಿತು.

"ಇದು ಯಾವ ಪಾಠವ್ವ?" ಎಂದಿತು ಹಿಂದಿನಿಂದ ಒಂದು ದನಿ. ಲಚ್ಚಮ್ಮ ಚಹಾದ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಯಾವಾಗ ಬಂದಳೋ.

ಗೌತಮಿಯ ಕೈ ನಿಂತಿತು. ದೋಣಿ ಒಂದು ಸುತ್ತು ತಿರುಗಿ ನಿಂತಿತು. "ಪಾಠ ಅಲ್ಲತ್ತಿ," ಎಂದಳು ತಲೆ ತಗ್ಗಿಸಿ. "ಆಟ. ಪರೀಕ್ಷಾ ಯಾವ್ದೂ ಇಲ್ಲ. ನಾ ಇದನ್ನೇ ಬರ್ಕೋತಿದ್ದೆ."

ಲಚ್ಚಮ್ಮ ಲೋಟಗಳನ್ನು ಕಟ್ಟೆಯ ಮೇಲಿಟ್ಟು, ಹೊಸ ಕಣ್ಣಿನಿಂದ ಪರದೆಯನ್ನು ಬಗ್ಗಿ ನೋಡಿದಳು. "ಎಷ್ಟು ನೀರು," ಎಂದಳು. ಸ್ವಲ್ಪ ಹೊತ್ತು ನೋಡುತ್ತಲೇ ನಿಂತು, ಆಮೇಲೆ ಸೊಸೆಯ ಕಡೆ ತಿರುಗಿದಳು. "ನನಗ ಹೇಳಿದ್ರ ನಾ ಬ್ಯಾಡ ಅಂತಿದ್ದೆನೇನು?" ಉತ್ತರಕ್ಕೆ ಕಾಯದೆ ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಗೌತಮಿಗೆ ಹಗುರವಾಗುತ್ತಿತ್ತೇನೋ.

ಮೂರು ಗಂಟೆಯ ಬಸ್ಸಿಗೆ ಮಂದಾರ ಹೊರಟಳು. ಊರೊಳಗೆ ಹೋಗಿ ಊಟದ ಹೊತ್ತಿಗೆ ಬಂದಿದ್ದ ಅಮರನಾಥ ವಿಷಯ ತಿಳಿದು ನಾಚಿಕೊಂಡು, ತಾನು ಒಂದು ಮಾತು ಕೇಳಿಯೇ ಒಯ್ದದ್ದೆಂದೂ, ಶಾಲೆಗೆ ಹೊಸದು ಬರುವ ತನಕ ಬೇರೆ ದಾರಿಯಿಲ್ಲವೆಂದೂ ಎರಡೆರಡು ಸಲ ಹೇಳಿದ. ಬಸ್ ಸ್ಟ್ಯಾಂಡಿನಲ್ಲಿ ಗೌತಮಿ ತಂಗಿಯ ಕೈ ಹಿಡಿದುಕೊಂಡು ನಿಂತಿದ್ದಳು.

"ನಾಳಿ ಆರೂವರಿಗೇ ಮಾಡ್ಲಾ?" ಎಂದು ಮಂದಾರ ಕೇಳಿದಳು.

"ಬ್ಯಾಡ. ಇನ್ನ ಸಂಜಿ ರೊಟ್ಟಿ ನಾನೇ ಮಾಡ್ಬೇಕು. ಅತ್ತಿ ಕೈಲೆ ಎಷ್ಟು ದಿನ ಮಾಡಿಸ್ಲಿ? ಫುರಸತ್ತು ಸಿಕ್ಕಾಗ ನಾನೇ ಮಾಡ್ತೀನಿ."

ಫುರಸತ್ತು, ಬಿಡುವು ಎಂಬುದು ಮದುವೆಯಾದ ಹೆಣ್ಣಿಗೆ ಎಷ್ಟು ಸಿಗುತ್ತದೆಂದು ಮಂದಾರಳಿಗೆ ಗೊತ್ತಿತ್ತು. ಬಸ್ಸು ಹೊರಟು ಊರು ದಾಟುವ ತನಕ ಕಿಟಕಿಯಿಂದ ಹಿಂತಿರುಗಿ ನೋಡಿದಳು. ಆಮೇಲೆ ಜಹೀರಾಬಾದಿನ ತನಕ ಕೆಂಪು ಹೊಲಗಳು, ಕಬ್ಬು, ಮತ್ತೆ ಕೆಂಪು ಹೊಲಗಳು.

ಮೂರು ವಾರ ಫೋನು ಬರಲಿಲ್ಲವೆಂದೇ ಹೇಳಬೇಕು. ಬಂದರೂ ಎರಡು ಮಾತಿನದು: ಹಾಲು ಒಲೆಯ ಮೇಲಿದೆ, ಆಮೇಲೆ ಮಾಡುತ್ತೇನೆ. ಆರೂವರೆಗೆ ಮಂದಾರ ಅಭ್ಯಾಸಬಲದಿಂದ ಲ್ಯಾಪ್‌ಟಾಪು ತೆರೆದು ಕೂರುತ್ತಿದ್ದಳು. ದಿನದ ಒಂದೂವರೆ ಜಿಬಿಯಲ್ಲಿ ಒಂದು ಜಿಬಿ ಹಾಗೆಯೇ ಉಳಿದು, ರಾತ್ರಿ ಹೋಗಿ ಬೆಳಗಾಗುವಷ್ಟರಲ್ಲಿ ಇಲ್ಲವಾಗುತ್ತಿತ್ತು. ಆಟದ ಮೂರನೆಯ ಅಪ್‌ಡೇಟು ಬಂದಾಗಲೂ ಅವಳು ಒಪ್ಪಲಿಲ್ಲ. ಅದನ್ನು ಅಳಿಸಿಬಿಡಬೇಕೆಂದು ಒಮ್ಮೆ ಹೊರಟಳು. ನಿಜವಾಗಿಯೂ ಅಳಿಸಬೇಕೇ ಎಂದು ಪರದೆ ಕೇಳಿದಾಗ ಕೈ ಹಿಂದೆಗೆದಳು.

ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ನಾಲ್ಕೈದು ಜನ ಸರದಿಯಲ್ಲಿದ್ದರು. ಮೊಗಲಪ್ಪ ಎಂಬ ವಯಸ್ಸಾದವನ ಹೆಸರು ಬರೆದುಕೊಳ್ಳುತ್ತಿರುವಾಗ ಫೋನು ಅಲುಗಿತು. ಅಕ್ಕ.

"ಮಂದಾ, ನಾ ಸಾಲ್ಯಾಗ ಇದ್ದೀನಿ," ಎಂದಳು ಗೌತಮಿ. ಅವಳ ದನಿ ಮೆಲ್ಲಗಿತ್ತು, ಆದರೆ ಒಳಗೆ ಏನೋ ಕುಣಿಯುತ್ತಿತ್ತು. "ಶನಿವಾರ ಅರ್ಧ ದಿನ ಸಾಲಿ. ಮಾರ್ಕು ಬರ್ಕೊಡಾಕ ನಿಮ್ಮ ಮಾಮಾ ಕರ್ಕೊಂಡು ಬಂದಾರ. ಬರ್ದು ಮುಗಿಸಿ ನೋಟ್‌ಬುಕ್ ನೋಡಿ ಎಲ್ಲಾ ಹಾಕ್ದೆ. ಮೂರೂ ತುಂಡು ಕೂಡ್ಸಿದೆ, ಬಿಚ್ಚಿದೆ. ಒಂದೂ ತಪ್ಪು ಬರಲಿಲ್ಲ. ತೆರದದ."

ಮಂದಾರ ಪೆನ್ನು ಕೆಳಗಿಟ್ಟಳು. "ಖರೇ?"

"ಖರೇ. ಈ ಸಲ ಖರೇ. ಇಲ್ಲಿ ಕೇಳು." ಫೋನನ್ನು ಲ್ಯಾಪ್‌ಟಾಪಿನ ಹತ್ತಿರ ಹಿಡಿದಿರಬೇಕು. ಅಲೆಗಳು ಬಂದು ದಡಕ್ಕೆ ಬಡಿದು ಹಿಂದೆ ಸರಿಯುವ ಸದ್ದು ಕೇಳಿಸಿತು. "ದಂಡಿಗಿ ನಿಂತೀನಿ. ದೋಣಿ ಎದುರಿಗೇ ಅದ. ಹತ್ತಾಕ ಬರವಲ್ದು. ಕರೆದವರು ಬರೋತನಕ ಕಾಯಿರಿ ಅಂತ ಬರ್ಲತ್ತದ."

"ಅದು ನಾ ನನ್ನ ಕಡೆ ತೆರೀಬೇಕು, ಅಕ್ಕಾ. ನನ್ನ ಲ್ಯಾಪ್‌ಟಾಪ್ ಮನ್ಯಾಗ ಅದ. ನನಗ ಇಲ್ಲಿ ಆರರ ತನಕ ಬಿಡಂಗಿಲ್ಲ."

"ಹೌದಲ್ಲ," ಎಂದಳು ಗೌತಮಿ. "ನಾಲ್ಕಕ್ಕ ಸಾಲಿ ಕೀಲಿ ಹಾಕ್ತಾರ."

ಭಾನುವಾರ ಮಂದಾರಳಿಗೆ ರಜೆ, ಅಂದು ಶಾಲೆ ತೆರೆಯುವುದಿಲ್ಲ, ಮಕ್ಕಳ ದಾಖಲೆಯಿರುವ ಲ್ಯಾಪ್‌ಟಾಪನ್ನು ಮನೆಗೆ ತರಲೂ ಬಿಡುವುದಿಲ್ಲ. ಶನಿವಾರ ಶಾಲೆಯಲ್ಲಿ ಲ್ಯಾಪ್‌ಟಾಪು ಸಿಗುತ್ತದೆ, ಅಂದು ಲ್ಯಾಬಿಗೆ ರಜೆಯಿಲ್ಲ. ಇಬ್ಬರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ತಿಂಗಳಿಗೊಂದು ಶನಿವಾರ ಬಿಡುವು ಕೇಳಿ ನೋಡುತ್ತೇನೆ ಎಂದು ಮಂದಾರ ಹೇಳಿದಳು. ಕೊಡುತ್ತಾರೋ ಇಲ್ಲವೋ ಅವಳಿಗೇ ತಿಳಿಯದು. ಗೌತಮಿ, "ಕೇಳು. ನಾ ಎಲ್ಲಿಗೂ ಹೋಗಂಗಿಲ್ಲ," ಎಂದಳು.

"ಈಗ ಇಡ್ತಿಯೇನು?" ಎಂದು ಗೌತಮಿಯೇ ಕೇಳಿದಳು.

"ಇಡಂಗಿಲ್ಲ. ಹಂಗೇ ಹಿಡಿ."

ಮಂದಾರ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು. ಮೊಗಲಪ್ಪ ತೋಳಿನ ಅಂಗಿ ಮೇಲೇರಿಸಿ ಕೈ ಚಾಚಿ ಕೂತಿದ್ದ. ಅವಳು ರಬ್ಬರು ಪಟ್ಟಿ ಕಟ್ಟಿ, ಹತ್ತಿಯಿಂದ ಒರೆಸಿ, ನರ ಹುಡುಕಿದಳು. ಅತ್ತಲಿಂದ ಅಕ್ಕನ ಉಸಿರು, ಅದರ ಹಿಂದೆ ನೀರು.

"ಏನವ್ವ, ಫೋನಿನ್ಯಾಗ ಮಳಿ ಬರ್ಲತ್ತದೇನು?" ಎಂದು ಮೊಗಲಪ್ಪ ಕೇಳಿದ.

"ಇಲ್ರಿ, ಕಾಕಾ," ಎಂದಳು ಮಂದಾರ. "ಮುಷ್ಟಿ ಬಿಗಿ ಹಿಡೀರಿ."